ಮೂವತ್ತು ಬ್ಯಾಟರಿ, ಒಂದು ನಾಲಿಗೆ

ನಗುವುದಕ್ಕೆ ಜನ ಎಲ್ಲೆಲ್ಲಿಗೋ ಹೋಗುತ್ತಾರೆ. ನಮ್ಮ ಗಲ್ಲಿಯವರು ಮಾತ್ರ ನನ್ನ ಅಂಗಡಿಗೆ ಬರುತ್ತಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ನನ್ನ ಕೈಗೆ ಸ್ಕ್ರೂಡ್ರೈವರ್ ಬಂದಾಗಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ಮೂವತ್ತನಾಲ್ಕು ವರ್ಷದಿಂದ ನಡೆಯುತ್ತಲೇ ಬಂದಿದೆ.

ಬೆಳಗಾವಿಯ ಒಂದು ಸಣ್ಣ ಗಲ್ಲಿಯಲ್ಲಿ ನನ್ನ ರಿಪೇರಿ ಅಂಗಡಿ. ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟಿವಿ. ಈಗ ಮಿಕ್ಸರ್, ಎಮರ್ಜೆನ್ಸಿ ಲೈಟು, ಸೊಳ್ಳೆ ಹೊಡೆಯುವ ಬ್ಯಾಟು. ಸಾಮಾನು ಬದಲಾಗಿದೆ, ನಾನು ಬದಲಾಗಿಲ್ಲ. ‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಇದು ಗುಣವೋ ರೋಗವೋ ಎಂದು ಯಾರಾದರೂ ಕೇಳಿದರೆ ಅದಕ್ಕೂ ಒಂದು ಉತ್ತರ ಕೊಟ್ಟುಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಮೂವತ್ತು ಬ್ಯಾಟರಿಗಳು ನನ್ನ ಅಂಗಡಿಗೆ ಬಂದವು. ಅವು ಬಂದು ಹೋಗುವಷ್ಟರಲ್ಲಿ ನನ್ನ ಹೆಸರು, ನನ್ನ ಮೀಟರು, ಹೆಂಡತಿಗೆ ಕೊಟ್ಟು ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಒಂದು ಮಾತು, ಮೂರೂ ಅಲ್ಲಾಡಿ ಹೋದವು. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ. ಮುಚ್ಚಿಟ್ಟು ಉಪಯೋಗವೂ ಇಲ್ಲ, ಖಾನಾಪುರದವರಿಗೆಲ್ಲ ಈಗಾಗಲೇ ಗೊತ್ತು.

ಬಲ್ಬ್ ಇಲ್ಲದ ಟಾರ್ಚು

ಖಾನಾಪುರದಿಂದ ಒಬ್ಬ ಹೆಂಗಸು ಆಗಾಗ ನನ್ನ ಅಂಗಡಿಗೆ ಬರುತ್ತಾರೆ. ಅರವತ್ತರ ಆಸುಪಾಸು, ಗಟ್ಟಿ ಜೀವ. ಮದುವೆಯ ಸ್ಟೇಜು, ಶಾಲೆಯ ಗ್ಯಾದರಿಂಗ್, ಕೂಸಿಗೆ ಹೆಸರಿಡುವ ಬಾರಸಿ, ಎಲ್ಲದಕ್ಕೂ ಥರ್ಮೋಕೋಲಿನ ಅಕ್ಷರ, ಹೂವು, ಕಮಾನು ಕೊಯ್ದು ಕೊಡುವುದು ಅವರ ಕೆಲಸ. ಊರೆಲ್ಲ ಅವರನ್ನು ಮಾವಶಿ ಎನ್ನುತ್ತದೆ, ಅಂದರೆ ಚಿಕ್ಕಮ್ಮ. ಅವರು ಊರಿಗೆಲ್ಲ ಭಾವು ಎನ್ನುತ್ತಾರೆ, ಅಂದರೆ ಅಣ್ಣ.

ಒಂದು ದಿನ ಅವರು ಕೈಚೀಲದಿಂದ ಒಂದು ರಾಶಿ ಕರಿ ಕೊಳವೆಗಳನ್ನು ನನ್ನ ಟೇಬಲ್ಲಿನ ಮೇಲೆ ಸುರುವಿದರು. ದಪ್ಪ ಪೆನ್ನಿನಷ್ಟು ಗಾತ್ರ. ನಡುವೆ ಒಂದು ಗುಂಡಿ, ಕೆಳತುದಿಯಲ್ಲಿ ತಿರುಗುವ ಬಿಲ್ಲೆ.

“ಭಾವು, ಇವನ್ನಷ್ಟು ಚೆಕ್ ಮಾಡಿ ಕೊಡ್ರಿ.”

ಅಂಥದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಂದನ್ನು ಎತ್ತಿ, ಕಣ್ಣು ಕಿರಿದು ಮಾಡಿ, ತಲೆಯಾಡಿಸಿದೆ.

“ಪೆನ್ ಟಾರ್ಚ್ ಅದಾವಲ್ಲ. ಬಲ್ಬ್ ಎಲ್ಲಿ ಅದಾವ್ರಿ ಮಾವಶಿ?”

“ಬಲ್ಬ್ ಇಲ್ರಿ.”

“ಕಳದು ಹೋದಾವೇನು?”

“ಇರಲೇ ಇಲ್ರಿ.”

“ಈಗಿನ ಮಾಲ್ ಹಿಂಗ ನೋಡ್ರಿ. ಮುಖ್ಯ ಸಾಮಾನ ಹಾಕೂದ ಮರೀತಾರ.”

ಮಾವಶಿ ಸ್ಟೂಲು ಎಳೆದುಕೊಂಡು ಕೂತರು. ಸಣ್ಣ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ ಹೇಳಿದರು. “ಇವು ಕರೆಂಟ್ ಸಿಗರೇಟಿನ ಬ್ಯಾಟರಿ, ಭಾವು. ಆ ಸಿಗರೇಟ್ ನಮ್ಮ ದೇಶದಾಗ ಬಂದ್ ಆಗಿ ವರ್ಷ ಆದವು. ಲೋಂಡಾದಾಗ ನಮ್ಮ ತಂಗಿ ಮಗ ಗುಜರಿ ಅಂಗಡಿ ಇಟ್ಟಾನ, ಅವನ ಹಳೇ ರಾಶ್ಯಾಗ ಬಿದ್ದಿದ್ದವು. ಸೇದೂ ತುದಿ ನಾನ ಮುರದು ಒಗದೇನಿ. ನನಗ ಬ್ಯಾಟರಿ ಅಷ್ಟ ಬೇಕು.”

ಬಿಲ್ಲಿನ ಹಾಗೆ ಬಗ್ಗಿಸಿದ ಕಡ್ಡಿಗೆ ಸಣ್ಣ ಹೀಟರ್ ತಂತಿ ಕಟ್ಟಿ, ಅದನ್ನು ಈ ಬ್ಯಾಟರಿಯ ತಲೆಗೆ ತಿರುಗಿಸಿ ಕೂಡಿಸಿದರೆ ತಂತಿ ಕಾಯುತ್ತದೆ, ಥರ್ಮೋಕೋಲನ್ನು ಬೆಣ್ಣೆಯ ಹಾಗೆ ಕೊಯ್ಯುತ್ತದೆ. ಅವರ ಜೊತೆ ಐದು ಜನ ಹೆಂಗಸರು ಕೆಲಸ ಮಾಡುತ್ತಾರೆ. ಒಂದು ಬ್ಯಾಟರಿ ಅರ್ಧ ತಾಸು ಬಾಳುತ್ತದೆ, ಅದಕ್ಕೇ ಇಷ್ಟೊಂದು. ಕೆಳಗಿನ ಬಿಲ್ಲೆ ತಿರುಗಿಸಿದರೆ ವೋಲ್ಟೇಜು ಹೆಚ್ಚು ಕಡಿಮೆ ಆಗುತ್ತದೆ. ನಾಲ್ಕು ವೋಲ್ಟ್ ಇದ್ದರೆ ಸರಿಯಾದ ಕಾವು. ಹೆಚ್ಚಾದರೆ ಥರ್ಮೋಕೋಲು ಕರಗಿ ಸಂದು ಬೀಳುತ್ತದೆ. ಕಡಿಮೆಯಾದರೆ ತಂತಿ ಅಂಟಿಕೊಂಡು ಹರಿಯುತ್ತದೆ. ಬಿಲ್ಲೆಯ ಮೇಲಿನ ಅಂಕಿಗಳು ಅಳಿಸಿಹೋಗಿದ್ದವು. ಒಂದೊಂದರಲ್ಲೂ ನಾಲ್ಕು ವೋಲ್ಟ್ ಎಲ್ಲಿ ಬರುತ್ತದೆ ಎಂದು ಅಳೆದು, ಅಲ್ಲಿ ಗುರುತು ಹಾಕಬೇಕು. ಗುರುತು ಹಾಕಲು ನೇಲ್ ಪಾಲಿಶ್ ಶೀಶೆಯನ್ನೂ ಅವರೇ ತಂದಿದ್ದರು.

“ಇಷ್ಟೇನಾ?” ಎಂದು ಒಂದರ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. “ಇದು ಹೋಗೇತಿ.”

ಮಾವಶಿ ಅದನ್ನು ಇಸಿದುಕೊಂಡು ಗುಂಡಿಯನ್ನು ಪಟಪಟ ಐದು ಸಲ ಒತ್ತಿದರು. ನೀಲಿ ದೀಪ ಹೊತ್ತಿತು. “ಐದು ಸಲ ಒತ್ತಿದ್ರ ಚಾಲೂ ಆಗ್ತಾವ. ಕಿಸೇದಾಗ ತಾನ ಚಾಲೂ ಆಗಬಾರ್ದಂತ ಹಂಗ ಮಾಡ್ಯಾರ.”

“ಅದು ಗೊತ್ತೈತ್ರಿ. ನಿಮಗ ಗೊತ್ತೈತೋ ಇಲ್ಲೋ ನೋಡಿದೆ.”

ಮಾವಶಿ ಚೀಲ ಮಡಚಿ ಎದ್ದರು. ಮೆಟ್ಟಿಲ ಹತ್ತಿರ ಹೋದವರು ತಿರುಗಿ ನೋಡಿದರು. “ಭಾವು, ನಾ ಹೋದ ಮ್ಯಾಲೆ ಬಲ್ಬ್ ಹುಡುಕಾಕ ಹೋಗಬ್ಯಾಡ್ರಿ ಮತ್ತ.”

ಮೂರನೆಯ ಕೈ

ವೋಲ್ಟೇಜ್ ಅಳೆಯುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಾನು ತಿಳಿದಿದ್ದೆ. ಈ ಬ್ಯಾಟರಿಯ ವಿಷಯ ಬೇರೆ. ಮೀಟರಿನ ಕೆಂಪು ಕಡ್ಡಿಯನ್ನು ತಲೆಯ ನಡುವಿನ ಸಣ್ಣ ಚುಕ್ಕಿಗೆ ಇಡಬೇಕು. ಕರಿ ಕಡ್ಡಿಯನ್ನು ಅಂಚಿಗೆ ಇಡಬೇಕು. ಎರಡು ಕೈ ಮುಗಿದವು. ಆದರೆ ಗುಂಡಿ ಒತ್ತಿ ಹಿಡಿಯದಿದ್ದರೆ ಕರೆಂಟು ಹೊರಗೆ ಬರುವುದಿಲ್ಲ. ಸಿಗರೇಟು ಸೇದುವವನಿಗೆ ಒಂದು ಕೈ ಸಾಕಾಗಿತ್ತು, ಅದನ್ನು ಪರೀಕ್ಷೆ ಮಾಡುವವನಿಗೆ ಮೂರು ಬೇಕು.

ಪಕ್ಕದ ಅಂಗಡಿಯವನನ್ನು ಕರೆಯಬಹುದಿತ್ತು. ಕರೆದರೆ ನನಗೆ ಬರುವುದಿಲ್ಲ ಎಂದಾಗುತ್ತದೆ. ಮೊದಲು ಗುಂಡಿಯನ್ನು ಗದ್ದದಿಂದ ಒತ್ತಿ ನೋಡಿದೆ, ಮೀಟರ್ ಕಾಣಲಿಲ್ಲ. ಮೊಣಕೈಯಿಂದ ನೋಡಿದೆ, ಬ್ಯಾಟರಿ ಉರುಳಿ ಟೇಬಲ್ಲಿನ ಕೆಳಗೆ ಹೋಯಿತು. ಕೊನೆಗೆ ಚಪ್ಪಲಿ ಬಿಚ್ಚಿ ನೆಲಕ್ಕೆ ಕೂತೆ. ಬ್ಯಾಟರಿಯನ್ನು ಎರಡು ಪಾದಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಒತ್ತಿ, ಎರಡೂ ಕೈಯಲ್ಲಿ ಕಡ್ಡಿ ಹಿಡಿದು, ಸೊಂಟ ಪೂರ್ತಿ ಬಗ್ಗಿಸಿದೆ. ಹಣೆ ಹೆಚ್ಚುಕಡಿಮೆ ಪಾದಕ್ಕೆ ತಾಗಿತು. ಈ ವಯಸ್ಸಿನಲ್ಲಿ ನನ್ನ ಸೊಂಟ ಅಷ್ಟು ಬಗ್ಗುತ್ತದೆ ಎಂದು ನನಗೇ ಆಶ್ಚರ್ಯವಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ನಮ್ಮ ಗಲ್ಲಿಯ ಹೆಣ್ಣುಮಗಳು, ಕೈಯಲ್ಲಿ ಕೆಟ್ಟ ಮಿಕ್ಸರ್. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಹಳ ಮೆಲ್ಲಗೆ ಕೇಳಿದಳು. “ಪೂಜಾ ಮುಗಿಯೂತನ ಹೊರಗ ನಿಲ್ಲಲೇನ್ರಿ ಕಾಕಾ?”

ಗಾಬರಿಯಲ್ಲಿ ಎದ್ದೆ. ಎದ್ದವನು ಕಾಲಿಟ್ಟದ್ದು ನನ್ನ ಹಳೆಯ ಸೂಜಿ ಮೀಟರಿನ ಮೇಲೆ. ಕರಕ್ ಎಂದಿತು. ಗಾಜು ಒಡೆಯಿತು, ಸೂಜಿ ಕೊಕ್ಕೆಯಾಗಿ ಬಾಗಿತು. ಇಪ್ಪತ್ತಾರು ವರ್ಷ ಜೊತೆಗಿದ್ದ ಮೀಟರ್ ಅದು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತೆ.

ಆ ಹೆಣ್ಣುಮಗಳು ಎರಡು ಹೆಜ್ಜೆ ಹಿಂದೆ ಸರಿದಳು. “ಪ್ರಸಾದ ಬ್ಯಾಡ್ರಿ ಕಾಕಾ. ಮಿಕ್ಸರ್ ಅಷ್ಟ ಮಾಡಿ ಕೊಡ್ರಿ, ಸಾಕು.”

ಮೂವತ್ತೂ ಸತ್ತವು

ಸೂಜಿ ಮೀಟರ್ ಹೋದ ಮೇಲೆ ಅಳಿಯ ದೀಪಾವಳಿಗೆ ಕೊಟ್ಟಿದ್ದ ಹೊಸ ಮೀಟರನ್ನು ಡಬ್ಬಿಯಿಂದ ತೆಗೆದೆ. ಅದರಲ್ಲಿ ಸೂಜಿ ಇಲ್ಲ, ಅಂಕಿಗಳೇ ಮೂಡುತ್ತವೆ. ಜೊತೆಗೊಂದು ಪುಸ್ತಕವಿತ್ತು. ಓದಲಿಲ್ಲ. ಮೂವತ್ತನಾಲ್ಕು ವರ್ಷ ಮೀಟರ್ ಹಿಡಿದವನು ಪುಸ್ತಕ ಓದುವುದೆಂದರೇನು! ಕಡ್ಡಿಗಳ ತುದಿಗೆ ಹಾಕುವ ಚಿಮಟಿಗಳೂ ಬಂದಿದ್ದವು, ಹೀಗಾಗಿ ಮೂರನೆಯ ಕೈಯ ಸಮಸ್ಯೆ ಪರಿಹಾರವಾಯಿತು.

ಒಂದನ್ನು ಸಿಕ್ಕಿಸಿ ಗುಂಡಿ ಒತ್ತಿದೆ. ಸೊನ್ನೆ. ಎರಡನೆಯದು, ಸೊನ್ನೆ. ಮೂವತ್ತನ್ನೂ ಅಳೆದೆ. ಮೂವತ್ತೂ ಸೊನ್ನೆ. ಒಂದೊಂದಕ್ಕೂ ‘ಡೆಡ್’ ಎಂದು ಬರೆದ ಚೀಟಿ ಅಂಟಿಸಿದೆ.

ಮಾವಶಿ ಬಂದಾಗ ಮುಖ ಸಪ್ಪಗೆ ಮಾಡಿಕೊಂಡು ಚೀಲ ಮುಂದೆ ಸರಿಸಿದೆ. “ಒಂದೂ ಉಳಿದಿಲ್ರಿ.”

“ಮೂವತ್ತೂ?”

“ಮೂವತ್ತೂ. ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ.”

ಅವರು ಚೀಲ ತೆಗೆದುಕೊಂಡು ಹೋದರು. ಮರುದಿನ ಫೋನ್ ಬಂತು.

“ಭಾವು, ನೀವು ಸತ್ತಾವ ಅಂದಿದ್ದು ಎಲ್ಲಾ ಎದ್ದು ಕುಂತಾವ. ಮುಂಜಾನಿಯಿಂದ ಒಂದು ಲಗ್ನದ ಅಕ್ಷರ ಅಷ್ಟೂ ಕೊಯ್ದೇವಿ.”

ಹೇಗೆ ಎಂದು ಕೇಳುವುದು ಕಷ್ಟ, ಕೇಳಿದರೆ ಗೊತ್ತಿಲ್ಲ ಎಂದಾಗುತ್ತದೆ. ಅವರೇ ಹೇಳಿದರು. ಈ ಬ್ಯಾಟರಿಗಳು ತಲೆಗೆ ಕಾಯುವ ತಂತಿ ಕೂಡಿಸಿದ್ದರೆ ಮಾತ್ರ ಕರೆಂಟು ಬಿಡುತ್ತವೆ. ಖಾಲಿ ತಲೆಗೆ ಮೀಟರ್ ಹಚ್ಚಿದರೆ ಏನೂ ಕೊಡುವುದಿಲ್ಲ.

“ಅದರ ಬಾಯಿಗೆ ಏನರೆ ಕೊಟ್ರ ಮಾತ್ರ ಕೆಲಸ ಮಾಡ್ತಾವ, ಭಾವು” ಎಂದು ಮಾವಶಿ ನಕ್ಕರು. “ನಿಮ್ಮಂಗ. ನೀವೂ ಚಾ ಬರೂತನ ಸ್ಕ್ರೂಡ್ರೈವರ್ ಮುಟ್ಟಂಗಿಲ್ಲಲ್ಲ.”

ಖಾನಾಪುರ ಸ್ಟೇಷನ್ನಿನ ಬೆಂಚು

ಗುರುತು ಹಾಕಿಸಲು ಬ್ಯಾಟರಿಗಳು ಮತ್ತೆ ನನ್ನ ಹತ್ತಿರ ಬಂದವು. ಈ ಸಲ ಮಾವಶಿಯ ತಂತಿಬಿಲ್ಲನ್ನೂ ಇಸಿದುಕೊಂಡಿದ್ದೆ. ಬಿಲ್ಲು ಕೂಡಿಸಿ ಅದರ ಎರಡು ತುದಿಗೆ ಮೀಟರಿನ ಚಿಮಟಿ ಹಾಕಿ ಗುಂಡಿ ಒತ್ತಿದರೆ ಅಂಕಿ ಮೂಡುತ್ತಿತ್ತು. ಕೆಲಸ ನಾನು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಯಾಕೆಂದರೆ ಬಿಲ್ಲೆಯನ್ನು ಪೂರ್ತಿ ಕೆಳಗೆ ತಿರುಗಿಸಿಟ್ಟರೂ ಒಂದೊಂದೂ ನಾಲ್ಕರ ಮೇಲೆಯೇ ತೋರಿಸುತ್ತಿತ್ತು. ಫಾರಿನ್ ಮಾಲು, ಭಾರೀ ಗಟ್ಟಿ ಎಂದುಕೊಂಡು, ಎಲ್ಲದಕ್ಕೂ ಕೆಳತುದಿಯಲ್ಲೇ ನೇಲ್ ಪಾಲಿಶ್ ಹಚ್ಚಿದೆ.

ಮರುದಿನ ಬೆಳಗಿನ ರೈಲಿನಲ್ಲಿ ನಾನೇ ಖಾನಾಪುರಕ್ಕೆ ಹೊರಟೆ. ಚೀಟಿ ಅಂಟಿಸಿದ ಅವಮಾನ ತೊಳೆದುಕೊಳ್ಳಬೇಕಿತ್ತು. ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಚಹಾ ಹಿಡಿದು ಕೂತೆ. ಕೊರೆಯುವ ಚಳಿ, ಬಾಯಿ ತೆರೆದರೆ ಉಗಿ. ಚೀಲದಲ್ಲಿ ಕೈಯಾಡಿಸಿದಾಗ ನನ್ನ ಕಣ್ಣು ತಪ್ಪಿಸಿ ಗುರುತಿಲ್ಲದೆ ಉಳಿದ ಒಂದು ಬ್ಯಾಟರಿ ಸಿಕ್ಕಿತು. ಇದರಲ್ಲಿ ಜೀವ ಇದೆಯೋ ಇಲ್ಲವೋ? ಮೀಟರ್ ಅಂಗಡಿಯಲ್ಲಿತ್ತು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ರೇಡಿಯೋ ಕಾಲದ ರಿಪೇರಿಯವರು ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯನ್ನು ಮೀಟರಿನಿಂದ ಅಳೆಯುತ್ತಿರಲಿಲ್ಲ. ಅದರ ತಲೆಯ ಮೇಲಿನ ಎರಡು ಗುಬಟುಗಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದೆವು. ಜುಮ್ಮೆಂದರೆ ಜೀವ ಇದೆ, ಸಪ್ಪಗಿದ್ದರೆ ಇಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಅಂಗಡಿಗೆ ಊಟ ತರುತ್ತಿದ್ದಳು. ನಾನು ಉಣ್ಣುವಷ್ಟರಲ್ಲಿ ಅವಳೂ ಒಂದು ಡಬ್ಬಿ ಬ್ಯಾಟರಿ ನಾಲಿಗೆಯಲ್ಲೇ ಆರಿಸಿಬಿಡುತ್ತಿದ್ದಳು.

ಅದೇ ಅಭ್ಯಾಸ. ಹಿಂದೆ ಮುಂದೆ ನೋಡದೆ ಆ ಕರಿ ಕೊಳವೆಯ ತಲೆಯನ್ನು ನಾಲಿಗೆಗೆ ಇಟ್ಟು ಗುಂಡಿ ಒತ್ತಿದೆ. ನೀಲಿ ದೀಪ ಮಿಣುಕಿತು. ರುಚಿ ಏನೂ ಗೊತ್ತಾಗಲಿಲ್ಲ. ಮತ್ತೆ ಒತ್ತಿದೆ. ಬಿಸಿ ಚಹಾ ಕುಡಿದ ಬಾಯಿ, ಬಿಟ್ಟ ಉಸಿರೆಲ್ಲ ಬೆಳ್ಳಗೆ ಮೋಡದ ಹಾಗೆ ಮೇಲೆ ಹೋಗುತ್ತಿತ್ತು.

“ಮಾಮಾ!”

ತಲೆ ಎತ್ತಿದರೆ ನನ್ನ ಹೆಂಡತಿಯ ತಮ್ಮ. ಖಾನಾಪುರದಲ್ಲೇ ಅವನ ಬಟ್ಟೆ ಅಂಗಡಿ. ಯಾರನ್ನೋ ರೈಲಿಗೆ ಕೂಡಿಸಲು ಬಂದಿದ್ದ. ಅವನ ಕಣ್ಣು ನನ್ನ ಬಾಯಿಯ ಮೇಲೆ. ನಾನು ಮಾಡಬಾರದ ಕೆಲಸ ಒಂದೇ ಇತ್ತು, ಅದನ್ನೇ ಮಾಡಿದೆ. ಬ್ಯಾಟರಿಯನ್ನು ಗಬಕ್ಕನೆ ಬೆನ್ನ ಹಿಂದೆ ಬಚ್ಚಿಟ್ಟೆ.

“ಏನಿಲ್ಲ. ವೋಲ್ಟೇಜ್ ನೋಡಾಕತ್ತಿದ್ದೆ.”

“ಬಾಯಾಗೇನ್ರಿ ಮಾಮಾ?”

“ಮೀಟರ್ ಅಂಗಡ್ಯಾಗ ಐತಿ.”

ಅವನು ಬಂದು ನನ್ನ ಭುಜದ ಮೇಲೆ ಕೈಯಿಟ್ಟ. ಬಹಳ ಒಳ್ಳೆಯ ಹುಡುಗ, ಮನಸ್ಸು ಮೃದು. “ಇರ್ಲಿ ಬಿಡ್ರಿ ಮಾಮಾ. ನಾ ಯಾರಿಗೂ ಹೇಳಂಗಿಲ್ಲ.”

ನಾನು ಸ್ಟೇಷನ್ನಿನ ಮೆಟ್ಟಿಲು ಇಳಿಯುವ ಮೊದಲೇ ಹೆಂಡತಿಯ ಫೋನ್ ಬಂತು.

ಲವಂಗದ ಪೊಟ್ಟಣ

ಹನ್ನೊಂದು ವರ್ಷದ ಹಿಂದೆ ನಾನು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದೆ. ಒಂದು ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಹಾಸಿಗೆ ಹಿಡಿದೆ. ಆಗ ಹೆಂಡತಿಗೆ ಮಾತು ಕೊಟ್ಟೆ, ಇನ್ನು ಹೊಗೆ ಮುಟ್ಟುವುದಿಲ್ಲ ಎಂದು. ಬಿಡಿಸಿದ್ದು ನನ್ನ ಮಾತಲ್ಲ, ಅವಳ ಲವಂಗ. ಮೂರು ತಿಂಗಳು ದಿನಾ ಬೆಳಿಗ್ಗೆ ನನ್ನ ಅಂಗಿಯ ಕಿಸೆಗೆ ಒಂದು ಲವಂಗದ ಪೊಟ್ಟಣ ಹಾಕುತ್ತಿದ್ದಳು. ಬೀಡಿ ನೆನಪಾದಾಗ ಒಂದು ಕಡಿಯಬೇಕು. ನನ್ನ ಬಾಳಿನಲ್ಲಿ ನೆಟ್ಟಗೆ ಮಾಡಿದ ರಿಪೇರಿ ಅದೊಂದೇ, ಅದೂ ಮಾಡಿದವಳು ಅವಳು.

ಅಂದು ಬ್ಯಾಟರಿಗಳನ್ನು ಮಾವಶಿಗೆ ಕೊಟ್ಟು ಮನೆಗೆ ಬಂದಾಗ ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಕರೆಂಟ್ ಸಿಗರೇಟ್ ಹೌದೋ ಅಲ್ಲೋ?”

“ಹೌದು. ಆದ್ರ ಸಿಗರೇಟ್ ಅಲ್ಲ. ಸೇದೂ ತುದಿ ಮುರದು ಒಗದೈತಿ.”

“ಎಷ್ಟ ದಿನ ಸೇದಿದ ಮ್ಯಾಲೆ ಒಗದ್ರಿ?”

“ನಾ ಒಗದಿಲ್ಲ ಮಾರಾಯ್ತಿ! ಖಾನಾಪುರದಾಗ ಒಬ್ಬಾಕಿ ಹೆಣ್ಮಗಳು ಅದಾಳ, ಆಕಿ ತಂದು ಕೊಟ್ಟಾಳ.”

“ಹೆಣ್ಮಗಳು ಬ್ಯಾರೆ.”

“ಥರ್ಮೋಕೋಲ್ ಕೊಯ್ಯಾಕ!”

“ಥರ್ಮೋಕೋಲ್ ಕೊಯ್ಯೂದನ್ನ ಬಾಯಾಗ ಯಾಕ ಇಟ್ಟಿದ್ರಿ?”

“ಜೀವ ಐತೋ ಇಲ್ಲೋ ನೋಡಾಕ. ನಾಲಗಿ ಮ್ಯಾಲೆ. ನಿನಗೂ ಗೊತ್ತಲ್ಲ.”

“ಮತ್ತ ತಮ್ಮ ಬಂದ ಕೂಡ್ಲೆ ಯಾಕ ಮುಚ್ಚಿಟ್ರಿ?”

ತಪ್ಪು ಮಾಡದವನ ಕೈ ಯಾಕೆ ಬೆನ್ನ ಹಿಂದೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ನೋಡಿ, ಕೊನೆಗೂ ಆ ಮಾತು ಬಾಯಿಂದ ಬಂತು.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹನ್ನೊಂದು ವರ್ಷ ಒಂದೇ ಒಂದು ದಮ್ಮು ಎಳೆಯದವನು ಒಂದು ಕಪ್ ಚಹಾದ ಉಗಿಗೆ ಸಿಕ್ಕಿಬಿದ್ದಿದ್ದೆ. ಮರುದಿನ ಅಂಗಡಿಯಲ್ಲಿ ಊಟದ ಡಬ್ಬಿ ತೆರೆದರೆ ರೊಟ್ಟಿಯ ಮೇಲೆ ಲವಂಗದ ಪೊಟ್ಟಣ. ಅದನ್ನು ಹಾಗೆಯೇ ಮನೆಗೆ ತಂದು, ಇದು ಬೇಕಾಗಿಲ್ಲ ಎಂದೆ. ಅವಳು ಹೂಂ ಎಂದಳು. ಮರುದಿನದ ಡಬ್ಬಿಯಲ್ಲಿ ಎರಡು ಪೊಟ್ಟಣ ಇದ್ದವು. ಪಲ್ಯ ಇರಲಿಲ್ಲ.

ಮೂಲೆಯಲ್ಲಿದ್ದ ಚಿತ್ರ

ಗುರುವಾರ ಸಂಜೆ ನಾವಿಬ್ಬರೂ ಮನೆಯಲ್ಲಿ ಕೂತಿದ್ದಾಗ ಮಾವಶಿಯ ಫೋನ್ ಬಂತು. ಅವರ ಧ್ವನಿಯಲ್ಲಿ ಯಾವಾಗಿನ ನಗು ಇರಲಿಲ್ಲ.

“ಭಾವು, ಥರ್ಮೋಕೋಲಿನ ಕೋಟಿ ಹರಿಯಾಕತ್ತೈತಿ. ಶನಿವಾರ ಸಾಲ್ಯಾಗ ಗ್ಯಾದರಿಂಗ್ ಐತಿ, ನಾಟಕಕ್ಕ ಕೋಟಿ ಬಾಗಲಾ ಮಾಡಿ ಕೊಡ್ತೀನಿ ಅಂತ ಮಾತು ಕೊಟ್ಟೇನಿ. ನೀವು ಹಚ್ಚಿದ ಗುರ್ತಿಗಿ ಇಟ್ರ ತಂತಿ ಅಂಟಾಕತ್ತೈತಿ. ಎರಡು ಹಾಳಿ ಚೂರು ಚೂರು ಆದವು. ಮೀಟರ್ ತಗೊಂಡು ಬರ್ರಿ, ಕೈ ಮುಗೀತೀನಿ.”

“ನಾಳೆ ಮುಂಜಾನೆ ಬರ್ತೀನ್ರಿ” ಎಂದು ಫೋನ್ ಇಟ್ಟೆ.

ಹೆಂಡತಿ ಎದ್ದು ನಿಂತಳು. “ನಾನೂ ಬರ್ತೀನಿ.” ಆಮೇಲೆ ಅವಳೇ ತಮ್ಮನಿಗೆ ಫೋನ್ ಹಚ್ಚಿದಳು. “ನಾಳೆ ಥರ್ಮೋಕೋಲ್ ಮಾವಶಿ ಮನಿಗಿ ಬಾ. ಎಲ್ಲಾ ನಿನ್ನ ಮುಂದನ ಆಗ್ಲಿ.”

ಶುಕ್ರವಾರ ಮಾವಶಿಯ ಮನೆಯ ನಡುಕೋಣೆಯಲ್ಲಿ ಐದು ಜನ ಹೆಂಗಸರು ಬಿಲ್ಲು ಕೆಳಗಿಟ್ಟು ನಮ್ಮ ದಾರಿ ನೋಡುತ್ತಿದ್ದರು. ಥರ್ಮೋಕೋಲಿನ ಬಿಳಿ ಕಾಳುಗಳು ಅವರ ತಲೆ, ಸೀರೆ, ಹುಬ್ಬಿಗೆಲ್ಲ ಅಂಟಿದ್ದವು. ಗೋಡೆಗೆ ಆನಿಸಿದ ಅರ್ಧ ಕೋಟೆಯನ್ನು ಇಲಿ ತಿಂದ ಹಾಗಿತ್ತು. ಹೆಂಡತಿ ಬಿಲ್ಲು ನೋಡಿದಳು, ಬ್ಯಾಟರಿ ನೋಡಿದಳು, ಮಾವಶಿಯ ಬಿಳಿ ಕೂದಲು ನೋಡಿದಳು. ‘ಹೆಣ್ಮಗಳು ಬ್ಯಾರೆ’ ಎಂದದ್ದು ನೆನಪಾಯಿತೇನೋ, ಸ್ವಲ್ಪ ಮೆತ್ತಗಾದಳು.

ನಾನು ಬಿಲ್ಲು ಕೂಡಿಸಿ, ಚಿಮಟಿ ಹಾಕಿ, ನನ್ನ ಗುರುತಿನ ಮೇಲೆ ಬಿಲ್ಲೆ ಇಟ್ಟು, ಗುಂಡಿ ಒತ್ತಿದೆ. “ನೋಡ್ರಿ ಎಲ್ಲಾರೂ. ನಾಲ್ಕು ಪಾಯಿಂಟ್ ಎರಡು. ಮೀಟರ್ ಸುಳ್ಳು ಹೇಳಂಗಿಲ್ಲ.”

ಮಾವಶಿ ತಂತಿಯನ್ನು ಥರ್ಮೋಕೋಲಿಗೆ ಇಟ್ಟರು. ಅಂಟಿಕೊಂಡು ಪರ್ ಎಂದು ಹರಿಯಿತು.

“ಹಂಗಾರ ಥರ್ಮೋಕೋಲಿಂದ ತಪ್ಪು” ಎಂದೆ.

ಐದು ಜನ ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಂಡತಿ ಬಗ್ಗಿ ಮೀಟರನ್ನೇ ದಿಟ್ಟಿಸುತ್ತಿದ್ದಳು.

“ರೀ, ಇಲ್ಲಿ ಮೂಲ್ಯಾಗ ಒಂದು ಬ್ಯಾಟರಿ ಚಿತ್ರ ಮಿಣಕ್ ಮಿಣಕ್ ಅನ್ನಾಕತ್ತೈತಲ್ಲ, ಏನದು?”

ಆ ಚಿತ್ರವನ್ನು ನಾನೂ ಒಂದು ವಾರದಿಂದ ನೋಡುತ್ತಿದ್ದೆ. ನನಗೆ ಅದರ ಅರ್ಥ ಹೊಳೆದೇ ಇತ್ತು. “ಅದಾ? ನಾವು ಬ್ಯಾಟರಿ ಚೆಕ್ ಮಾಡಾಕತ್ತೇವಿ ಅಂತ ಮೀಟರ್‌ಗೆ ತಿಳದೈತಿ. ಅದಕ್ಕ ತೋರಸ್ತೈತಿ.”

ಅವಳು ಮೀಟರಿನಿಂದ ತಲೆ ಎತ್ತಿದಳು. “ಅಂದ್ರ ನೀವು ಮಿಕ್ಸರ್ ಚೆಕ್ ಮಾಡಿದ್ರ ಅಲ್ಲಿ ಮಿಕ್ಸರ್ ಚಿತ್ರ ಬರ್ತೈತೇನು?”

ಒಬ್ಬಳು ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು.

“ಈ ಮೀಟರ್‌ನ್ಯಾಗ ಅದರದ ಒಂದು ಬ್ಯಾಟರಿ ಇರಬೇಕಲ್ಲ? ಅಂಗಡಿ ಬಂದ್ ಮಾಡುವಾಗ ಇದನ್ನೂ ಬಂದ್ ಮಾಡ್ತೀರೋ ಇಲ್ಲೋ?”

“ಬಂದ್?” ಎಂದೆ. ಸೂಜಿ ಮೀಟರಿಗೆ ಬಂದ್ ಮಾಡುವ ಮಾತೇ ಇರಲಿಲ್ಲ. ಇಪ್ಪತ್ತಾರು ವರ್ಷ ಟೇಬಲ್ಲಿನ ಮೇಲೆ ಹಾಗೆಯೇ ಬಿಟ್ಟು ಮನೆಗೆ ಹೋಗಿದ್ದೇನೆ. ಇದನ್ನೂ ಬಿಟ್ಟಿದ್ದೆ, ತಂದ ದಿನದಿಂದ.

ಹೆಂಡತಿ ಮಾವಶಿಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ಮೀಟರಿನ ಬೆನ್ನು ಬಿಚ್ಚಿದಳು. ಒಳಗೆ ಚೌಕ ಬ್ಯಾಟರಿ. ಅದನ್ನು ಹೊರತೆಗೆದು, ಯಾರ ಕಡೆಗೂ ನೋಡದೆ, ಮೂವತ್ತು ವರ್ಷ ಹಳೆಯ ಅಭ್ಯಾಸದಲ್ಲಿ ನಾಲಿಗೆಗೆ ಮುಟ್ಟಿಸಿದಳು. ಸಾರಿನ ಉಪ್ಪು ನೋಡುವ ಹಾಗೆ ಕಣ್ಣು ಮುಚ್ಚಿದಳು.

“ಸಪ್ಪ ಐತಿ” ಎಂದಳು.

ಮೂಲೆಯ ಅಂಗಡಿಯಿಂದ ಹೊಸ ಚೌಕ ಬ್ಯಾಟರಿ ತಂದು ಹಾಕಿದೆವು. ನನ್ನ ನೇಲ್ ಪಾಲಿಶ್ ಗುರುತಿನ ಮೇಲೆ ಈಗ ಮೂರು ಪಾಯಿಂಟ್ ಮೂರು. ತನ್ನ ಹೊಟ್ಟೆ ಖಾಲಿಯಾದಾಗ ಈ ಮೀಟರ್ ಊರವರದ್ದನ್ನೆಲ್ಲ ಹೆಚ್ಚು ಮಾಡಿ ಹೇಳುತ್ತದಂತೆ. ಬಿಲ್ಲೆಯನ್ನು ನಾಲ್ಕಕ್ಕೆ ತಿರುಗಿಸಿ ಕೊಟ್ಟೆ. ತಂತಿ ಸದ್ದಿಲ್ಲದೆ ಕೊಯ್ದುಕೊಂಡು ಹೋಯಿತು. ಮಾವಶಿ ಒಂದು ದೊಡ್ಡ ಉಸಿರು ಬಿಟ್ಟರು. ಮೂವತ್ತನ್ನೂ ಹೊಸದಾಗಿ ಅಳೆದು ಗುರುತು ಹಾಕಿದೆವು, ನಾನು ಗುಂಡಿ ಒತ್ತಿದೆ, ಅಂಕಿ ಓದಿದವಳು ಅವಳು. ಶನಿವಾರ ಕೋಟೆ ಸ್ಟೇಜಿನ ಮೇಲೆ ಎದ್ದು ನಿಂತಿತು ಎಂದು ಆಮೇಲೆ ಗೊತ್ತಾಯಿತು.

ಕೆಲಸ ಮುಗಿದ ಮೇಲೆ ಮಾವಶಿ ಹೊಗೆಯಾಡುವ ಚಹಾ ಕೊಟ್ಟರು. ಹೆಂಡತಿ ಎರಡು ಗುಟುಕು ಕುಡಿದು, ರಾಶಿಯಿಂದ ಒಂದು ಕರಿ ಕೊಳವೆ ಎತ್ತಿಕೊಂಡಳು. ಧ್ವನಿ ಬಹಳ ತಗ್ಗಿತ್ತು.

“ಆವತ್ತ ನಾ ನಿಮ್ಮ ಮಾತು ನಂಬಬೇಕಾಗಿತ್ತು. ನನ್ನ ನಾಲಗಿನ ಆ ರೂಢಿ ಮರಿಲಿಲ್ಲ, ನಿಮ್ಮದು ಹೆಂಗ ಮರೀತೈತಿ.” ಕೊಳವೆಯನ್ನು ತಿರುಗಿಸಿ ನೋಡಿ, “ಆದ್ರೂ ಇದರಾಗ ಏನರೆ ರುಚಿ ಬರ್ತೈತೋ ಇಲ್ಲೋ, ಒಂದ್ಸಲ ನೋಡೇ ಬಿಡ್ತೀನಿ” ಎಂದಳು.

ಕೊಳವೆಯ ತಲೆಯನ್ನು ನಾಲಿಗೆಗೆ ಇಟ್ಟು ಗುಂಡಿ ಒತ್ತಿದಳು. ನೀಲಿ ದೀಪ ಮಿಣುಕಿತು. ತೆರೆದ ಬಾಗಿಲಿನ ಚಳಿಗೆ, ಬಿಸಿ ಚಹಾ ಕುಡಿದ ಬಾಯಿಂದ ಬೆಳ್ಳಗೆ ಉಗಿ ಎದ್ದಿತು.

“ಅಕ್ಕಾ... ನೀನೂ?”

ಬಾಗಿಲಲ್ಲಿ ಅವಳ ತಮ್ಮ ನಿಂತಿದ್ದ. ಹೇಳಿದ ಹೊತ್ತಿಗಿಂತ ತಡವಾಗಿ, ಆದರೆ ಸರಿಯಾದ ಹೊತ್ತಿಗೆ ಬಂದಿದ್ದ. ನನ್ನ ಹೆಂಡತಿಯ ಕೈ, ಹನ್ನೊಂದು ವರ್ಷ ನನ್ನ ಕಿಸೆ ಕಾಯ್ದ ಆ ಕೈ, ಗಬಕ್ಕನೆ ಬೆನ್ನ ಹಿಂದೆ ಹೋಯಿತು.

“ಏನಿಲ್ಲೋ... ವೋಲ್ಟೇಜ್ ನೋಡಾಕತ್ತಿದ್ದೆ!”

ನಾನು ಎದ್ದು ಅವಳ ಭುಜದ ಮೇಲೆ ಕೈಯಿಟ್ಟೆ. “ಇರ್ಲಿ ಬಿಡು. ನಾ ಯಾರಿಗೂ ಹೇಳಂಗಿಲ್ಲ” ಎಂದು ಅಂಗಿಯ ಕಿಸೆಯಿಂದ ಅವಳದೇ ಲವಂಗದ ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟೆ.